ಅಣಬೆ ತಿನ್ನದ ಮನೆಯ ಅರುಂಧತಿ

ಬೆಳಗಿನ ಆರೂವರೆ. ಮೆಲ್ಬರ್ನಿನ ರಿಚ್ಮಂಡ್‌ನಲ್ಲಿ ಗೋದಾಮೊಂದರ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಸ್ವೆಟರಿನ ಮೇಲೆ ಏಪ್ರನ್ ಕಟ್ಟಿಕೊಂಡ ಅರುಂಧತಿ, ಮರದಷ್ಟು ಗಟ್ಟಿಯಾದ ಕಂದು ಅಣಬೆಯೊಂದನ್ನು ಬೆಳಕಿಗೆ ಹಿಡಿದಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಬಲ್ಲವರು. ಮೇಲಿನ ಹೊಳಪಿಗೆ ಮರುಳಾಗುವುದಿಲ್ಲ. ಬೋರಲು ಹಾಕಿ ಅಡಿಭಾಗ ನೋಡುತ್ತಾರೆ, ಗೆಣ್ಣಿನಿಂದ ತಟ್ಟುತ್ತಾರೆ, ಮೂಸುತ್ತಾರೆ. "ಹುಳ ಹೊಕ್ಕಿದ್ರೆ ಸದ್ದೇ ಟೊಳ್ಳು. ಹಲಸಿನಹಣ್ಣು ತಟ್ಟಿ ನೋಡಲ್ವಾ, ಹಾಗೇನೇ."

ಚೀನೀಯರು ಲಿಂಗ್‌ಝೀ ಎನ್ನುವ ಈ ಅಣಬೆ ಅಡುಗೆಗಲ್ಲ, ಕಷಾಯಕ್ಕೆ. ಚೀನಾದಿಂದ ಮೂಟೆಯಲ್ಲಿ ಬಂದದ್ದನ್ನು ಇಲ್ಲಿ ಆರಿಸಿ, ಮೆಲ್ಬರ್ನ್ ಮತ್ತು ಸಿಡ್ನಿಯ ಚೀನೀ ಮದ್ದಿನಂಗಡಿಗಳಿಗೆ ಕಳಿಸುತ್ತಾರೆ. ದಿನಕ್ಕೆ ನಲವತ್ತು ಕಿಲೋ ಅರುಂಧತಿಯವರ ಕೈ ದಾಟುತ್ತದೆ. ಆರೇಳು ಕಿಲೋ ನೇರ ಕಸದ ಬಿನ್ನಿಗೆ.

ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಎಂಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವರು. 1988ರಲ್ಲಿ ಎಂಜಿನಿಯರ್ ಗಂಡ ಬದರಿನಾಥ ಮತ್ತು ಅತ್ತೆಯೊಂದಿಗೆ ಮೆಲ್ಬರ್ನಿನ ಗ್ಲೆನ್ ವೇವರ್ಲಿಗೆ ಬಂದಾಗ ಆ ಪದವಿಯನ್ನು ಇಲ್ಲಿ ಮೂಸಿ ನೋಡುವವರೂ ಇರಲಿಲ್ಲ. ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಾಕಾಗಿ, ಕೊನೆಗೆ ಸಿಕ್ಕಿದ್ದು ಇಲ್ಲಿನ ಪ್ಯಾಕರ್ ಕೆಲಸ. "ಅತ್ತೆಗೆ ಅಣಬೆ ಅನ್ನೋಕೆ ಧೈರ್ಯ ಬರ್ಲಿಲ್ಲ. ಹರ್ಬಲ್ ಕಂಪನಿ ಅಂದೆ. ಪೂರ್ತಿ ಸುಳ್ಳಲ್ವಲ್ಲ!" ಎಂದು ನಗುತ್ತಾರೆ. ಆ ಮನೆಯಲ್ಲಿ ಈರುಳ್ಳಿಗೇ ಅನುಮಾನ, ಇನ್ನು ನಾಯಿಕೊಡೆಯ ಮಾತೆಲ್ಲಿ? ಕೆಲಸದಿಂದ ಮನೆಗೆ ಮರಳಿದವರು ಸ್ನಾನವಿಲ್ಲದೆ ಒಲೆ ಮುಟ್ಟುವುದಿಲ್ಲ.

ಎರಡು ವರ್ಷದ ಹಿಂದೆ, 1994ರ ಚಳಿಗಾಲದಲ್ಲಿ, ಈ ಮಡಿಯೇ ಅವರ ಕೆಲಸಕ್ಕೆ ಕುತ್ತು ತರುವುದರಲ್ಲಿತ್ತು. ಸಿಡ್ನಿಗೆ ಹೊರಡಬೇಕಿದ್ದ ಮುನ್ನೂರು ಕಿಲೋ ಹೋಳು ಮಾಡಿದ ಅಣಬೆ ನೋಡಲು ಅಚ್ಚುಕಟ್ಟಾಗಿತ್ತು, ಆದರೆ ಕೈಗೆ ಹಗುರ. ಯಾರೋ ಒಮ್ಮೆ ಕುದಿಸಿ, ಸಾರ ಹಿಂಡಿಕೊಂಡು, ಮತ್ತೆ ಒಣಗಿಸಿ ಮಾರಿದ್ದಾರೆಂದು ಅರುಂಧತಿಗೆ ಗುಮಾನಿ; ಕಳಿಸುವುದು ಬೇಡವೆಂದರು. ಲಾರಿ ಬಾಗಿಲಲ್ಲಿ ನಿಂತಿತ್ತು. ಮಾಲೀಕ ಲಿಯಾಂಗ್ ಸಿಡುಕಿದ.

"'ನಾಲ್ಕು ವರ್ಷದಲ್ಲಿ ಒಂದು ಚೂರು ಬಾಯಿಗಿಟ್ಟಿಲ್ಲ ನೀನು, ನಿಂಗೇನು ಗೊತ್ತು? ಪ್ಯಾಕ್ ಮಾಡು, ಇಲ್ಲಾಂದ್ರೆ ಮನೆಗೆ ಹೋಗು' ಅಂದ. ಅವನು ಹೇಳಿದ್ರಲ್ಲಿ ತಪ್ಪೇನಿತ್ತು? ತಿಂದೇ ಇರ್ಲಿಲ್ವಲ್ಲ ನಾನು" ಎನ್ನುತ್ತಾರೆ ಅರುಂಧತಿ.

ಅರುಂಧತಿ ಒಂದು ಕ್ಷಣ ಕಣ್ಣು ಮುಚ್ಚಿದರು. ಹಳೆಯ ಒಳ್ಳೆಯ ಮಾಲಿನಿಂದ ಒಂದು ಚೂರು ಅಗಿದರು: ನೆಲಬೇವಿನಂಥ ಕಹಿ, ಕಣ್ಣಲ್ಲಿ ನೀರು. ಹೊಸ ಮೂಟೆಯದು ಬರೀ ಒಣಕಡ್ಡಿ. ಎರಡನ್ನೂ ಲಿಯಾಂಗನ ಮುಂದೆ ಹಿಡಿದರು. ಆತ ಅಗಿದ, ಉಗಿದ, ಹೋಗಿ ಲಾರಿಯನ್ನು ಖಾಲಿ ಕಳಿಸಿದ. ಕೇಳಿದ ಯಾವ ಕನ್ನಡಿಗರಿಗೂ ಎದೆಯುಬ್ಬಬೇಕು.

ಅಂದೇ ಅತ್ತೆಗೆ ಎಲ್ಲ ಹೇಳಿಬಿಟ್ಟರು. ಮುದುಕಿ, "ಔಷಧಿ ತಾನೇ? ಬಾಯಿ ಮುಕ್ಕಳಿಸಿ ಬಾ, ಕಾಫಿ ಆರೋಗುತ್ತೆ" ಎಂದರಂತೆ.

ಈಗ ಅರುಂಧತಿಯವರ ಸಹಿ ಬೀಳದೆ ಒಂದು ಪೆಟ್ಟಿಗೆಯೂ ಹೊರಡುವುದಿಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ಇನ್ನೂ ಪ್ಯಾಕರ್. ಬದಲಾಯಿಸಲು ಕೇಳಬಾರದೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ.

"ಇರ್ಲಿ ಬಿಡಿ. ಇದನ್ನ ಯಾರೋ ಕಾಯಿಲೆಯವರು ನಂಬಿಕೊಂಡು ಕುದಿಸಿ ಕುಡೀತಾರೆ. ಅವರಿಗೆ ವಾಸಿಯಾಗುತ್ತೋ ಇಲ್ವೋ, ನಾನು ಹೇಳೋಕಾಗಲ್ಲ. ಆದ್ರೆ ನನ್ನ ಕೈ ದಾಟಿ ಹೋದದ್ದು ಕಹಿ ಇದ್ದೇ ಇರುತ್ತೆ."