ಮಾರಾಟಕ್ಕಿಟ್ಟ ‘ನೆತ್ತರನಂಟು’

ಅಥಣಿ ರಸ್ತೆಯ ಬಡಾವಣೆಯಲ್ಲಿ ವಿಜಯಲಕ್ಷ್ಮೀಯನ್ನು ಎಲ್ಲರೂ ಗುರುತಿಸುತ್ತಿದ್ದದ್ದು ಒಣದ್ರಾಕ್ಷಿ ವ್ಯಾಪಾರಿ ಸತೀಶಕುಮಾರನ ಹೆಂಡತಿ ಎಂದೇ. ಮದುವೆಗೆ ಮುಂಚೆ ಕಂಪ್ಯೂಟರ್ ಕಲಿಸುತ್ತಿದ್ದ ಅವಳಿಗೆ ಅದು ಸಾಲದು. ತನ್ನದೇ ಎನ್ನುವ ಒಂದು ವ್ಯಾಪಾರ ಬೇಕೆನಿಸಿ ಹೆಸರುಗಳನ್ನು ಕೊಳ್ಳತೊಡಗಿದಳು.

ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆಯುವವರಿಗೆ ಒಂದು ವಿಳಾಸದ ಹೆಸರು ಬೇಕು. ಒಳ್ಳೆಯ ಹೆಸರನ್ನು ಮೊದಲೇ ಹಿಡಿದಿಟ್ಟರೆ ಬೇಕಾದವರು ಹೆಚ್ಚಿಗೆ ಕೊಟ್ಟು ಒಯ್ಯುತ್ತಾರೆ. ಯಾರಾದರೂ ವರ್ಷದ ಶುಲ್ಕ ಕಟ್ಟದೆ ಬಿಟ್ಟರೆ ಅವರ ಹೆಸರು ಬಿಡಾಡಿ ದನದಂತೆ ಬೀದಿಗೆ ಬಂದು, ಕಟ್ಟಿಕೊಂಡವರದ್ದಾಗುತ್ತದೆ. ಹಾಗೆ ಸೀರೆಯ ಹೆಸರು, ದ್ರಾಕ್ಷಿಯ ಹೆಸರು, ಊರ ಹೆಸರು ಎಂದು ಹಲವನ್ನು ಕಟ್ಟಿಕೊಂಡಿದ್ದಳು. ಯಾವ ಹೆಸರನ್ನು ಹುಡುಕಿಕೊಂಡು ಎಷ್ಟು ಜನ, ಎಲ್ಲಿಂದ ಬಂದರು ಎಂದು ತೋರಿಸುವ ಪುಟವೊಂದಿತ್ತು. ಬೆಳಗಿನ ಚಹಾದ ಜೊತೆ ಅದನ್ನು ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಬಹುತೇಕ ಹೆಸರುಗಳನ್ನು ನಾಯಿಯೂ ಮೂಸಿರುತ್ತಿರಲಿಲ್ಲ.

‘ನೆತ್ತರನಂಟು’ ಮಾತ್ರ ಹಾಗಲ್ಲ. ಯಾರೋ ಬಿಟ್ಟ ಹೆಸರು. ಸಿನಿಮಾದವರು ಕೊಂಡಾರು ಎಂದು ಹಿಡಿದಿದ್ದಳು. ‘ಮಾರಾಟಕ್ಕಿದೆ’ ಎಂಬ ಫಲಕ, ಅದರ ಕೆಳಗೆ ದಪ್ಪಕ್ಷರದಲ್ಲಿ ಬೆಲೆ ಹಾಕಿದ ವಾರದಿಂದಲೇ ಜನ ಬರತೊಡಗಿದರು.

“ನೋಡ್ರಿ ಇಲ್ಲಿ,” ಎಂದು ಗಂಡನ ಮುಂದೆ ಫೋನು ಹಿಡಿದಳು. “ದಿನಾ ಮಂದಿ ಬಂದು ನೋಡಿ ಹೋಗಾಕತ್ತಾರ. ಎಲ್ಲಾರೂ ನಮ್ಮ ಜಿಲ್ಲಾದವರ.”

“ಬರೇ ನೋಡಿ ಹೋದ್ರ ಏನ ಬಂತು? ಯಾಕ ಬಂದಾರ ಅಂತ ಕೇಳಿಯೇನು?”

ಮಾತು ಸರಿಯೆನಿಸಿತು. ಬೆಲೆಯನ್ನು ಇನ್ನಷ್ಟು ಏರಿಸಿ, ಬಂದವರು ತಮ್ಮ ಫೋನ್ ನಂಬರನ್ನೂ ಬೇಕಾದದ್ದನ್ನೂ ಬರೆಯಲು ಅದರಡಿ ಜಾಗ ಮಾಡಿಟ್ಟಳು.

ಮರುದಿನ ರೊಟ್ಟಿ ಬಡಿಯುತ್ತಿದ್ದಾಗ ಮೊದಲ ಸಂದೇಶ ಬಂತು. ‘ಬಬಲೇಶ್ವರದವರ್ರಿ ನಾವು. ತಂಗಿಗಿ ಹೆರಿಗಿ ಆಗಿ ರಗತ ಭಾಳ ಹೋಗೇತಿ. ಓ ನೆಗೆಟಿವ್ ಬೇಕ್ರಿ. ಲಗೂ ಫೋನ್ ಹಚ್ರಿ. ಸಬೀರಾ.’ ಎಲ್ಲಿಗೋ ಕಳಿಸಬೇಕಾದದ್ದು ಇಲ್ಲಿಗೆ ಬಂದಿದೆ ಎಂದುಕೊಂಡು ವಿಜಯಲಕ್ಷ್ಮೀ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಮಧ್ಯಾಹ್ನ ಅಂಥದೇ ಮತ್ತೊಂದು. ಸಂಜೆಯ ಹೊತ್ತಿಗೆ ಇನ್ನೊಂದು. ಆಗ ಇವು ದಾರಿತಪ್ಪಿ ಬಂದವಲ್ಲ ಎಂದು ಅವಳಿಗೆ ಹೊಳೆಯಿತು. ಸಬೀರಾಳಿಗೆ ಫೋನು ಹಚ್ಚಿದಳು.

“ಸಿಕ್ತ್ರಿ. ನಮ್ಮ ಮಾಮಾ ಇಂಡಿ ಊರಿಂದ ಓಡಿ ಬಂದು ಕೊಟ್ರು. ತಂಗಿ ಉಳಿದಾಳ,” ಎಂದಳು ಸಬೀರಾ. ದನಿ ಬಿಗಿಯಾಯಿತು. “ಖರೇ ಒಂದು ಮಾತ್ರಿ. ಮೊದಲ ಆ ಪುಟ ತೆಗದ್ರ ರಗತ ಕೊಡವರ ನಂಬರ ಸಿಗತಿದ್ವು. ಈಗ ರೇಟ ಹಚ್ಚೀರಿ. ರಗತಕ್ಕೂ ರೇಟ ಬಂತಾ ಅಂತ ನಮ್ಮ ಅಮ್ಮಿ ಎದಿ ಬಡಕೊಂಡ್ಳು.”

“ಅದು ರಗತದ ರೇಟ ಅಲ್ರಿ. ಹೆಸರಿಂದು.”

“ಯಾರ ಹೆಸರಿಂದ್ರಿ?”

ಆ ಪುಟ ಮೊದಲು ತಿಕೋಟಾದ ಶಾಂತಪ್ಪ ಕಾಕಾ ಎನ್ನುವವರದಾಗಿತ್ತು ಎಂಬುದನ್ನು ವಿಜಯಲಕ್ಷ್ಮೀ ಅವಳಿಂದಲೇ ಕೇಳಿ ತಿಳಿದುಕೊಂಡಳು. ಫಲಕ ಕಿತ್ತುಹಾಕಿ, ಮರುದಿನ ಗಂಡನಿಗೂ ಹೇಳದೆ ತಿಕೋಟಾ ಬಸ್ಸು ಹತ್ತಿದಳು. ಹೆಸರು ಹೇಗೋ ತನ್ನ ಕೈಗೆ ಬಂತು, ವಾಪಸು ಕೊಡಲು ಬಂದೆ ಎಂದಷ್ಟು ಹೇಳಿದರೆ ಸಾಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

ಆರೋಗ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಶಾಂತಪ್ಪ, ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಹೊರಸಿನ ಮೇಲೆ ಕೂತಿದ್ದರು. ಜೋಡಿಸಿದ್ದ ಮಾತನ್ನು ಅವಳು ಒಪ್ಪಿಸಿದಳು. ಅವರು ಕೈ ಮುಗಿದೇಬಿಟ್ಟರು.

“ಕಣ್ಣಿನ ಗದ್ದಲದಾಗ ರೊಕ್ಕಾ ಕಟ್ಟೂದ ಮರತೆ ನೋಡ್ರಿ. ನನ್ನ ಮರವಿಗಿ ಎಷ್ಟ ಮಂದಿ ಒದ್ದಾಡಿದ್ರೋ ಏನೋ. ಪುಣ್ಯಾ ಕಟಗೊಂಡ್ರಿ ತಾಯಿ.”

ಚಹಾ ತಂದ ಅವರ ಹೆಂಡತಿ ಸೋನಾಬಾಯಿ, “ಅದು ಹೋದಾಗಿಂದ ಇವರು ಹೊಟ್ಟಿತುಂಬ ಉಂಡಿಲ್ಲ ಯವ್ವಾ. ತಪ್ಪು ನಂದ, ತಪ್ಪು ನಂದ ಅಂತಾರ,” ಎಂದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಹೊಗಳಿಸಿಕೊಂಡೇ ಎದ್ದು ಬರಬಹುದಿತ್ತು. ಆದರೆ ತನ್ನ ಪಾಪವನ್ನು ಆ ಮುದುಕ ಹೊತ್ತು ಕೂತದ್ದನ್ನು ನೋಡುತ್ತಾ ಅವಳಿಗೆ ಕೂರಲಾಗಲಿಲ್ಲ.

“ಕಾಕಾರ, ಮಾರಾಟಕ್ಕ ಹಚ್ಚಿದಾಕಿ ನಾನರಿ. ಮಂದಿ ಬರೂದು ನೋಡಿ ರೇಟ ಏರಿಸಿದಾಕಿನೂ ನಾನ.”

ಸೋನಾಬಾಯಿಯ ಕೈ ಬಟ್ಟಲ ಮೇಲೆ ಹಾಗೇ ನಿಂತಿತು. ಶಾಂತಪ್ಪ ಅವಳ ದನಿ ಬಂದ ಕಡೆ ಮುಖ ತಿರುಗಿಸಿದರು.

“ಮಂದಿ ಬರೂದು ನಿಮಗ ಕಾಣತಿತ್ತೇನ್ರಿ?”

“ಕಾಣತಿತ್ರಿ.”

“ಯಾಕ ಬರಾಕತ್ತಾರ ಅಂತ ಅನಸಲಿಲ್ಲ?”

“ಕೊಳ್ಳಾಕ ಅನಕೊಂಡೆ.” ಅವಳು ನೆಲ ನೋಡಿದಳು.

“ಚಾ ಆರತೈತಿ, ಕುಡೀರಿ,” ಎಂದರು ಸೋನಾಬಾಯಿ. ಅವಳು ಬಟ್ಟಲನ್ನು ಬದಿಗಿಟ್ಟು ಫೋನು ತೆಗೆದಳು.

ಅಲ್ಲೇ ಕೂತು ಹೆಸರನ್ನು ಶಾಂತಪ್ಪನವರಿಗೆ ವರ್ಗಾಯಿಸಿದಳು. ಸಂದೇಶ ಬರೆದ ಉಳಿದವರಿಗೂ ಫೋನು ಮಾಡಿದಳು. ಒಬ್ಬರು ಬಾಯಿಗೆ ಬಂದಂತೆ ಬೈದರು. ಇನ್ನೊಂದು ಕಡೆ ಯಾರೋ ಗಂಡಸು, “ಇನ್ನ ಬ್ಯಾಡ್ರಿ,” ಎಂದಷ್ಟೇ ಹೇಳಿ ಫೋನು ಇಟ್ಟ. ಯಾಕೆ ಬೇಡ ಎಂದು ಮತ್ತೆ ಹಚ್ಚಿ ಕೇಳುವ ಧೈರ್ಯ ಅವಳಿಗೆ ಅಂದೂ ಆಗಲಿಲ್ಲ, ಮುಂದೆಯೂ ಆಗಲಿಲ್ಲ.

ಹೊರಟಾಗ ಶಾಂತಪ್ಪ ಕ್ಷಮಿಸಿದೆ ಎನ್ನಲಿಲ್ಲ. “ನನಗ ಇನ್ನೂ ಅಕ್ಷರ ಕಾಣಂಗಿಲ್ಲ. ಪುಟದಾಗ ನಿಮ್ಮ ನಂಬರ ಹಾಕ್ರಿ, ಕಣ್ಣು ಸುದಾರಸೂತನಕ ಬಂದ ಫೋನು ನೀವ ಎತ್ರಿ,” ಎಂದರು.

ವಿಜಯಲಕ್ಷ್ಮೀ ಎತ್ತುತ್ತಾಳೆ. ಶಾಂತಪ್ಪನವರ ಹಳೆಯ ಪಟ್ಟಿ ನೋಡಿ ರಕ್ತ ಕೊಡುವವರನ್ನು ಹುಡುಕಿ ಕೊಡುತ್ತಾಳೆ. “ನಿನ್ನ ಹೊಟ್ಟಿ ತಣ್ಣಗಿರಲಿ, ಯಾರವ್ವಾ ನೀ?” ಎಂದು ಆಸ್ಪತ್ರೆಯಿಂದ ಯಾರಾದರೂ ಹರಸಿದರೆ ಮುಖ ಕಿವಿಯವರೆಗೂ ಸುಡುತ್ತದೆ. ಹೆಸರು ಹೇಳಲು ನಾಲಿಗೆ ಏಳುವುದಿಲ್ಲ.

“ಶಾಂತಪ್ಪ ಕಾಕಾರ ಕಡಿಯಾಕಿರಿ,” ಎಂದು ಬೇಗನೆ ಫೋನು ಇಟ್ಟುಬಿಡುತ್ತಾಳೆ.