ಕಂಪ್ಯೂಟರಿಗೆ ಬಂದ ಏಸಿ

ಎಂಬತ್ತರ ದಶಕದಾಗ ಅಣ್ಣಿಗೇರಿ ಕಡೆಯ ಒಂದು ಹತ್ತಿ ಸೊಸೈಟಿಗೆ ಕಂಪ್ಯೂಟರ್ ಬಂತು. ಅದಕ್ಕ ಪ್ರೋಗ್ರಾಮ್ ಬರೆಯಾಕ ಬಂದಾಕಿ ನಾನು. ಮಶೀನು ಕಾದು ಬಿಸಿ ಆಗಬಾರದಂತ ಜೋಡಿಗೇ ಒಂದು ಏಸಿನೂ ಬಂದಿತ್ತು. ಅದನ್ನ ಅಧ್ಯಕ್ಷರು ತಮ್ಮ ಖೋಲ್ಯಾಗ ಹಾಕಿಸಿಕೊಂಡ್ರು. ಕಂಪ್ಯೂಟರನ್ನ ಹತ್ತಿ ಗಿರಣಿ ಬಾಜೂಕಿನ ತಗಡಿನ ಶೆಡ್ಡಿಗೆ ಹಾಕಿದ್ರು.

ಗಿರಣಿಯಿಂದ ಹಾರಿ ಬಂದ ಹತ್ತಿ ಎಳಿ ಫ್ಲಾಪಿ ಹಾಕೋ ಬಾಯಾಗ ತುಂಬತಿತ್ತು. ಮಧ್ಯಾಹ್ನ ಆತಂದ್ರ ಮಶೀನು ಕಾದು ಬಂದ್ ಬೀಳ್ತಿತ್ತು, ಮುಂಜಾನಿಂದ ಬರದದ್ದೆಲ್ಲಾ ಹೋಗ್ತಿತ್ತು. ಏಸಿ ಕೇಳಾಕ ಹೋದ್ರ ಅಧ್ಯಕ್ಷರು ಥಂಡಿಗೆ ಶಾಲು ಹೊದ್ದುಕೊಂಡು ಕುಂತಿರ್ತಿದ್ರು.

‘ಮಶೀನಿಗೇನ್ ಬೆವರು ಬರ್ತೈತೇನ್ರಿ?’ ಅಂತಿದ್ರು.

ವರ್ಷದ ಕೊನೀಗೆ ಅಂಗಳದಾಗ ಸದಸ್ಯರ ಸಭೆ ಕೂಡಿತು. ಅಧ್ಯಕ್ಷರು ಎಲ್ಲಾರ ಮುಂದ ನನ್ನ ನಿಲ್ಲಿಸಿ ಕೇಳಿದ್ರು, ‘ಬಾಯಾರ, ಈ ವರ್ಷ ಏನ್ ಮಾಡಿದ್ರಿ ಹೇಳ್ರಿ.’

ನನಗ ಅಂಗಾಲಿಂದ ನೆತ್ತಿತನಕ ಉರೀತು.

‘ಒಂದ ಪ್ರೋಗ್ರಾಮನ್ನ ವರ್ಷಪೂರ್ತಿ ಮತ್ತ ಮತ್ತ ಬರದೀನ್ರಿ. ಉಳಿದ ಹೊತ್ತು ಮಶೀನಿನ ಬಾಯಾಗಿನ ಹತ್ತಿ ಊದೀನಿ.’

‘ಹಂಗಾರ ಮುಂದಿನ ವರ್ಷದ ಗುರಿ ಏನ್ರಿ?’

‘ಕಂಪ್ಯೂಟರನ್ನ ಅಧ್ಯಕ್ಷ ಮಾಡೋದ್ರಿ. ನಿಮ್ಮ ಖುರ್ಚಿ ಮ್ಯಾಲ ಕುಂಡ್ರಿಸಿದ್ರ ಅದಕ್ಕೂ ಏಸಿ ಸಿಗತೈತಿ.’

ಯಾರೂ ನಗಲಿಲ್ಲ. ಹಿಂದ ಕುಂತಿದ್ದ ಹಿರಿಯ ಸದಸ್ಯರೊಬ್ಬರು ಕೈ ಎತ್ತಿ, ‘ಇದಕ್ಕ ನನ್ನ ಅನುಮೋದನೆ ಐತ್ರಿ,’ ಅಂದ್ರು.

ಅಧ್ಯಕ್ಷರು ಶಾಲಿನ ಚುಂಗಿನಿಂದ ಮಾರಿ ಒರಸಿಕೊಂಡ್ರು. ಮಶೀನಿಗೆ ಬೆವರು ಬರ್ತೈತೋ ಇಲ್ಲೋ ನನಗ ಇವತ್ತಿಗೂ ಗೊತ್ತಿಲ್ಲ, ಅಧ್ಯಕ್ಷರಿಗೆ ಮಾತ್ರ ಅವತ್ತು ಅಗದಿ ಚಲೋ ಬಂದಿತ್ತು.