ಮಣ್ಣಿನಲ್ಲಿ ಉಳಿದ ಚೀಲಗಳು

ಹೋದ ತಿಂಗಳು ಹಳೆಯ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ನನ್ನ ಬಿ.ಎಸ್ಸಿ. ರೆಕಾರ್ಡು, ಹಾಳೆಗೆ ಅಂಟಿಸಿದ ಒಣ ಗಿಡಗಳು... ಹೊನ್ನಾಳಿಯಲ್ಲಿ ಸಸ್ಯಶಾಸ್ತ್ರ ಕಲಿಸಿದ ಮೇಡಂ ನೆನಪಾದರು.

ಆ ವರ್ಷ ಮಳೆ ಬಿಟ್ಟ ಮೇಲೆ ಅವರು ನಮ್ಮನ್ನು ಗೋವಿನಕೋವಿ ಕಡೆಯ ಜೌಗು ನೆಲಕ್ಕೆ ಕರೆದೊಯ್ದಿದ್ದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳುದ್ದದ ಒಂದು ಗಿಡ ತೋರಿಸಿದರು. ತುದಿಯಲ್ಲಿ ಪುಟ್ಟ ನೀಲಿ ಹೂ, ಹೂವಿನ ಹಿಂದೆ ಸಣ್ಣ ಬಾಲ. ಇದು ಯುಟ್ರಿಕ್ಯುಲೇರಿಯಾ, ಹುಳ ತಿನ್ನುವ ಗಿಡ ಎಂದರು. ಪುಸ್ತಕದಲ್ಲಷ್ಟೇ ಓದಿದ್ದನ್ನು ಅವರೂ ಕಣ್ಣಾರೆ ಕಂಡದ್ದು ಅಂದೇ. ಮುಖ ಅರಳಿತ್ತು.

ತರಗತಿಗೆ ನಾನೇ ಮೊದಲಿಗ. ಅದರ ಜಂಬವೂ ಇತ್ತು. ಹುಳ ಹಿಡಿಯುವ ಎಲೆ ಎಲ್ಲಿ ಎಂದು ಕೇಳಿದೆ.

"ಎಲೆಯಾಗ ಅಲ್ಲಪ್ಪ. ಮಣ್ಣೊಳಗೆ ಸಣ್ಣ ಸಣ್ಣ ಚೀಲ ಅದಾವೆ."

ಗಿಡ ಕಿತ್ತು ಎತ್ತಿ ಹಿಡಿದೆ. ಬರೀ ಕಡ್ಡಿ. ನಿಮಗೊಬ್ಬರಿಗೇ ಕಾಣ್ತಾವೇನೋ ಎಂದೆ. ಎಲ್ಲರೂ ನಕ್ಕರು. ಮೇಡಂ ಇನ್ನೆರಡು ಗಿಡ ಕಿತ್ತು ನೋಡಿದರು, ಅವುಗಳಲ್ಲೂ ಏನೂ ಇರಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಆ ಬರೀ ಕಡ್ಡಿಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಅವರು ಹೇಳಿದ್ದು ತಪ್ಪೆಂದು ಇನ್ನಷ್ಟು ಖಚಿತಪಡಿಸಿಕೊಳ್ಳಲೆಂದು ನಾನು ಒಂದು ಹೆಂಟೆ ಮಣ್ಣನ್ನು ಗಿಡದ ಸಮೇತ ಕವರಿನಲ್ಲಿ ತಂದಿದ್ದೆ. ಸಂಜೆ ಬೋಗುಣಿಯ ನೀರಲ್ಲಿ ನೆನೆಹಾಕಿದೆ. ಮಣ್ಣು ಕರಗಿದಂತೆ ಕೂದಲೆಳೆಯಂಥ ಎಳೆಗಳು ಬಿಚ್ಚಿಕೊಂಡವು. ಮಸೂರ ಹಿಡಿದೆ... ಎಳೆಯುದ್ದಕ್ಕೂ ಗಾಜಿನ ಹರಳಿನಂಥ ಚೀಲಗಳು, ಒಂದೊಂದಕ್ಕೂ ಒಂದು ಬಾಯಿ. ಕಿತ್ತಾಗ ಹರಿದು ಮಣ್ಣಲ್ಲೇ ಉಳಿಯುತ್ತಿದ್ದವು, ಅಷ್ಟೇ.

ಮರುದಿನ ತರಗತಿಯಲ್ಲಿ ಮೇಡಂ, ಆ ಹುಳ ತಿನ್ನುವ ಗಿಡದ ಕುಟುಂಬ ಲೆಂಟಿಬ್ಯುಲೇರಿಯೇಸಿ ಎಂದು ತಾವೇ ಬೋರ್ಡಿನ ಮೇಲೆ ಬರೆದಿದ್ದನ್ನು ಹೊಡೆದುಹಾಕಿ, ನಾವು ಕಂಡದ್ದು ಎರಡು ತುಟಿಯ ಹೂ ಇರುವ ಬೇರೆ ಯಾವುದೋ ಕುಟುಂಬದ್ದಿರಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಈಗ ಸರಿ ಐತೇನಪ್ಪ?"

"ಸರಿ ಐತೆ ಮೇಡಂ" ಎಂದೆ.

ಟ್ರಂಕು ತೆರೆದ ಮೇಲೆ ಮನಸ್ಸು ತಡೆಯಲಿಲ್ಲ. ಕಳೆದ ಭಾನುವಾರ ಸಂತೇಬೆನ್ನೂರಿಗೆ, ಅವರ ಮನೆಗೆ ಹೋದೆ. ಮೇಡಂ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಯಜಮಾನರು ಕೂರಿಸಿ ಮಾತಾಡಿಸಿದರು. ನಮ್ಮ ಬ್ಯಾಚಿನ ನಂತರ ಆಕೆ ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ಯುವುದನ್ನೇ ಬಿಟ್ಟರಂತೆ.

"ನನ್ನ ಕಣ್ಣು ನಂಬಾಕೆ ಆಗಲ್ಲ ಅಂತಿದ್ಲು. ಡಾಕ್ಟ್ರ ಹತ್ರ ತೋರಿಸಿದ್ರೆ, ಕಣ್ಣಿಗೆ ಏನೂ ಆಗಿಲ್ಲ ಅಂದ್ರು ನೋಡ್ರಿ."

ಆ ಸಂಜೆ ಚೀಲಗಳು ಕಂಡದ್ದನ್ನು ಹೇಳಬೇಕೆಂದೇ ಹೋಗಿದ್ದೆ. ಅವರಿಗಾದರೂ ಹೇಳಬಹುದಿತ್ತು... ಕೊಟ್ಟ ಚಹಾ ಕುಡಿದು, ಮೇಡಂ ಬಹಳ ಚೆನ್ನಾಗಿ ಕಲಿಸುತ್ತಿದ್ದರು ಎಂದಷ್ಟೇ ಹೇಳಿ ಎದ್ದು ಬಂದೆ.